ಮೊಹರು ಕ್ಲೌಡಿನಲ್ಲಿದ್ದರೆ ಸಹಿ ಯಾರದು?
ಬ್ಲಾಕ್‌ಚೈನ್ ವ್ಯವಹಾರಗಳಿಗೆ ಕ್ಲೌಡ್ ಕೀಲಿ ಸೇವೆಯಿಂದ ಸಹಿ ಹಾಕುವ ಬಗೆ

ಕಂಪ್ಯೂಟರ್ ಸೈನ್ಸ್ ಲ್ಯಾಬಿನಲ್ಲಿ ಬ್ಲಾಕ್‌ಚೈನ್ ಬಗ್ಗೆ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಬಿಟ್‌ಕಾಯಿನ್ ಬೆಲೆ. ಈ ವರ್ಷ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಬೇರೆಯೇ ಪ್ರಶ್ನೆ ಕೇಳಿದಳು: "ಸರ್, ಬ್ಲಾಕ್‌ಚೈನಿನಲ್ಲಿ ಕೀಲಿ ಯಾರ ಕೈಯಲ್ಲಿದೆಯೋ ಹಣ ಅವರದು ಅಂತೀರಿ. ಕಂಪನಿಗಳು ಆ ಕೀಲಿಯನ್ನು ಅಮೆಜಾನ್, ಗೂಗಲ್ ಕ್ಲೌಡಿನಲ್ಲಿ ಇಡುತ್ತವಂತೆ. ಹಾಗಾದರೆ ಸಹಿ ಅಮೆಜಾನಿನದೇ ಆಯಿತಲ್ಲ?" ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ತರಗತಿಯಲ್ಲಿ ಅರ್ಧಕ್ಕೇ ನಿಂತ ಆ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕ್ರಿಪ್ಟೊ ನಾಣ್ಯಗಳನ್ನು ಕೊಳ್ಳಿ ಎಂದು ಹೇಳುವ ಲೇಖನ ಇದಲ್ಲ. ಅವುಗಳ ವ್ಯಾಪಾರ ಸರಿಯೇ ಎಂಬ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ದೇಶದಲ್ಲಿ ಅವುಗಳ ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಇದೆ. ನಾನಿಲ್ಲಿ ಹೇಳಹೊರಟಿರುವುದು ಸಹಿಯ ವಿಷಯ. ನಾಳೆ ನಿಮ್ಮ ಅಂಕಪಟ್ಟಿ, ಜಮೀನಿನ ಪತ್ರ, ಜಾತಿ ಪ್ರಮಾಣಪತ್ರಗಳೂ ಇಂಥ ಸಹಿಯ ಮೇಲೆಯೇ ನಿಲ್ಲಬಹುದು. 2022ರಲ್ಲಿ ಮಹಾರಾಷ್ಟ್ರದ ಗಡ್ಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಎಂಬ ಸಾರ್ವಜನಿಕ ಬ್ಲಾಕ್‌ಚೈನಿಗೆ ಜೋಡಿಸುವ ಕೆಲಸ ನಡೆಯಿತು. ನಮ್ಮ ಬೆಂಗಳೂರಿನಲ್ಲಿ ಎನ್‌ಐಸಿ 2020ರ ಜನವರಿಯಲ್ಲೇ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವನ್ನು ತೆರೆದಿದೆ.

ಒಂದು ಉಂಗುರದ ಕಥೆ

ಸಹಿಯ ಕೆಲಸವೇನು ಎಂದು ತಿಳಿಯಲು ನಾವೆಲ್ಲ ಕೇಳಿರುವ ಒಂದು ಘಟನೆ ಸಾಕು. ಪ್ರವಾದಿ ಮುಹಮ್ಮದ್ (ಸ.ಅ.) ಅರೇಬಿಯಾದ ಹೊರಗಿನ ಅರಸರಿಗೆ ಪತ್ರ ಬರೆಸಲು ಹೊರಟಾಗ, ಮೊಹರಿಲ್ಲದ ಪತ್ರವನ್ನು ಆ ಅರಸರು ಓದುವುದಿಲ್ಲ ಎಂದು ಸಂಗಾತಿಗಳು ತಿಳಿಸಿದರು. ಆಗ ಬೆಳ್ಳಿಯ ಉಂಗುರವೊಂದನ್ನು ಮಾಡಿಸಿ ಅದರ ಮೇಲೆ ಮೂರು ಸಾಲುಗಳಲ್ಲಿ ಹೆಸರನ್ನು ಕೆತ್ತಿಸಲಾಯಿತು. ಅದೇ ಕೆತ್ತನೆಯನ್ನು ಬೇರೆ ಯಾರೂ ತಮ್ಮ ಉಂಗುರದಲ್ಲಿ ಮಾಡಿಸಬಾರದೆಂದು ಪ್ರವಾದಿಯವರು ಹೇಳಿದರು ಎಂದು ಹದೀಸ್ ಗ್ರಂಥಗಳಲ್ಲಿದೆ.

ಒಂದು ಮೊಹರಿನಿಂದ ನಾವು ಬಯಸುವುದೆಲ್ಲ ಈ ಘಟನೆಯಲ್ಲೇ ಇದೆ. ಪತ್ರ ಯಾರಿಂದ ಬಂತು ಎಂದು ದೂರದಲ್ಲಿರುವವರಿಗೂ ತಿಳಿಯಬೇಕು. ಇನ್ನೊಬ್ಬರು ಅದನ್ನು ನಕಲು ಮಾಡುವಂತಿರಬಾರದು. ಮೊಹರು ಬಿದ್ದ ಮೇಲೆ ಪತ್ರ ಬದಲಾಗಬಾರದು.

ಆ ಉಂಗುರದ ಮುಂದಿನ ಕಥೆಯೂ ನಮ್ಮ ವಿಷಯಕ್ಕೆ ಬೇಕು. ಅದು ಅಬೂಬಕರ್ (ರ.ಅ.), ಉಮರ್ (ರ.ಅ.) ಅವರ ಬಳಿಕ ಖಲೀಫಾ ಉಸ್ಮಾನ್ (ರ.ಅ.) ಅವರ ಕೈಗೆ ಬಂತು. ಅವರ ಕಾಲದಲ್ಲಿ ಮದೀನಾದ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿದರೂ, ಬಾವಿಯ ನೀರನ್ನೆಲ್ಲ ತೆಗೆಸಿದರೂ ಸಿಗಲಿಲ್ಲ. ಅದೇ ಕೆತ್ತನೆಯ ಇನ್ನೊಂದು ಉಂಗುರವನ್ನು ಮಾಡಿಸಲಾಯಿತು ಎಂದು ವರದಿಗಳಿವೆ. ಬೆಳ್ಳಿಯ ಉಂಗುರವಾದರೆ ಹಾಗೆ ಮತ್ತೊಂದು ಮಾಡಿಸಬಹುದು. ಬ್ಲಾಕ್‌ಚೈನಿನ ಕೀಲಿ ಕಳೆದರೆ ಅಂಥದೇ ಇನ್ನೊಂದನ್ನು ಮಾಡಿಕೊಡುವ ಅಕ್ಕಸಾಲಿಗ ಜಗತ್ತಿನಲ್ಲಿ ಯಾರೂ ಇಲ್ಲ.

ಕೀಲಿ ಎಂದರೆ ಒಂದು ಸಂಖ್ಯೆ

ಇಥೀರಿಯಂ, ಬಿಟ್‌ಕಾಯಿನ್ ಮುಂತಾದ ಬ್ಲಾಕ್‌ಚೈನ್‌ಗಳಲ್ಲಿ ಖಾಸಗಿ ಕೀಲಿ ಎಂದರೆ ಗುಟ್ಟಾಗಿಟ್ಟ ಒಂದು ದೊಡ್ಡ ಸಂಖ್ಯೆ, ಅಷ್ಟೇ. 256 ಬಿಟ್‌ಗಳ ಈ ಸಂಖ್ಯೆಯನ್ನು ನಮ್ಮ ದಶಮಾಂಶ ಪದ್ಧತಿಯಲ್ಲಿ ಬರೆದರೆ ಸುಮಾರು 78 ಅಂಕಿಗಳಷ್ಟು ಉದ್ದವಾಗುತ್ತದೆ. ಊಹೆಯಿಂದ ಅದನ್ನು ಹಿಡಿಯುವುದು ಆಗದ ಮಾತು.

ಈ ಗುಟ್ಟಿನ ಸಂಖ್ಯೆಯಿಂದ ಸಾರ್ವಜನಿಕ ಕೀಲಿ ಹುಟ್ಟುತ್ತದೆ. ಗಣಿತದ ವಿದ್ಯಾರ್ಥಿಗಳಿಗೆ ಪರಿಚಿತ ಎನಿಸಬಹುದಾದ ಒಂದು ವಕ್ರರೇಖೆ ಇದೆ: ವೈ² = ಎಕ್ಸ್³ + 7. ಇದರ ಮೇಲೆ, ಒಂದು ಬೃಹತ್ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಉಳಿಯುವ ಶೇಷಗಳ ಲೋಕದಲ್ಲಿ, ಎಲ್ಲರಿಗೂ ಗೊತ್ತಿರುವ ಒಂದು ಆರಂಭದ ಬಿಂದುವಿದೆ. ಆ ಬಿಂದುವನ್ನು ಗುಟ್ಟಿನ ಸಂಖ್ಯೆಯಷ್ಟು ಸಲ ತನಗೇ ಕೂಡಿಸಿದರೆ ಸಿಗುವ ಹೊಸ ಬಿಂದುವೇ ಸಾರ್ವಜನಿಕ ಕೀಲಿ. ಮುಂದಕ್ಕೆ ಲೆಕ್ಕ ಹಾಕಲು ಕಂಪ್ಯೂಟರಿಗೆ ಕ್ಷಣ ಸಾಕು. ಹೊಸ ಬಿಂದುವನ್ನು ನೋಡಿ ಎಷ್ಟು ಸಲ ಕೂಡಿಸಿದರು ಎಂದು ಹಿಂದಕ್ಕೆ ಹೋಗಲು ಇಂದಿನ ಯಾವ ಕಂಪ್ಯೂಟರಿಗೂ ಆಗುವುದಿಲ್ಲ. ಈ ವಕ್ರರೇಖೆಯ ಹೆಸರು ಸೆಕ್‌ಪಿ256ಕೆ1.

ಸಹಿ ಹಾಕುವಾಗ ನಡೆಯುವುದು ಹೀಗೆ. ಸಂದೇಶವನ್ನು ಮೊದಲು ಹ್ಯಾಶ್ ಮಾಡುತ್ತಾರೆ. ಎಷ್ಟೇ ದೊಡ್ಡ ಸಂದೇಶವಿರಲಿ, ಹ್ಯಾಶ್ ಬರುವುದು 32 ಬೈಟ್ ಮಾತ್ರ. ಸಂದೇಶದಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಈ ಹ್ಯಾಶನ್ನು ಹ, ಗುಟ್ಟಿನ ಕೀಲಿಯನ್ನು ಗ ಎನ್ನೋಣ. ಪ್ರತಿ ಸಹಿಗೂ ಹೊಸದಾಗಿ ಆರಿಸಿಕೊಳ್ಳಬೇಕಾದ ಒಂದು ಯಾದೃಚ್ಛಿಕ ಸಂಖ್ಯೆ ಇದೆ, ಅದು ಯ. ಸಹಿಯಲ್ಲಿ ಎರಡು ಭಾಗ: ಪ ಮತ್ತು ಬ. ಪ ಎಂಬುದು ಯ ಒಂದರಿಂದಲೇ ಬರುತ್ತದೆ. ಬ ಬರುವುದು ಈ ಸಮೀಕರಣದಿಂದ:

ಬ × ಯ = ಹ + ಪ × ಗ

ನಿಜವಾದ ಲೆಕ್ಕ ಶೇಷಗಳಲ್ಲಿ ನಡೆಯುತ್ತದೆ. ರೂಪ ಮಾತ್ರ ಇದೇ. ಒಂದೇ ಸಮೀಕರಣದಲ್ಲಿ ಯ ಮತ್ತು ಗ ಎಂಬ ಎರಡು ಅಜ್ಞಾತಗಳಿರುವುದರಿಂದ ಹೊರಗಿನವರಿಗೆ ಗುಟ್ಟು ಸಿಗುವುದಿಲ್ಲ.

ಯ ಸಂಖ್ಯೆಯನ್ನು ಎರಡು ಸಹಿಗಳಿಗೆ ಮರುಬಳಸಿದರೆ ಏನಾಗುತ್ತದೆ ನೋಡಿ. ಚಿಕ್ಕ ಸಂಖ್ಯೆಗಳನ್ನೇ ತೆಗೆದುಕೊಳ್ಳೋಣ. ಪ = 3. ಮೊದಲ ಸಂದೇಶದ ಹ್ಯಾಶ್ 9, ಅದರ ಸಹಿಯಲ್ಲಿ ಬ = 6. ಎರಡನೆಯ ಸಂದೇಶದ ಹ್ಯಾಶ್ 24, ಅದರ ಸಹಿಯಲ್ಲಿ ಬ = 9. ಎರಡು ಸಮೀಕರಣಗಳನ್ನು ಕಳೆಯಿರಿ: (9 − 6) × ಯ = 24 − 9. ಅಂದರೆ ಯ = 5. ಮೊದಲನೆಯದರಲ್ಲಿ ಹಾಕಿ: 6 × 5 = 9 + 3 × ಗ. ಗ = 7. ಗುಟ್ಟು ಬಯಲು! ಹತ್ತನೇ ತರಗತಿಯ ಬೀಜಗಣಿತ ಸಾಕಾಯಿತು.

ಇದು ಬರೀ ಪುಸ್ತಕದ ಲೆಕ್ಕವಲ್ಲ. 2010ರ ಡಿಸೆಂಬರಿನಲ್ಲಿ ಫೇಲ್‌ಓವರ್‌ಫ್ಲೋ ಎಂಬ ತಂಡವು ಸೋನಿ ಕಂಪನಿ ಪ್ಲೇಸ್ಟೇಷನ್ 3ರ ಸಹಿಗಳಲ್ಲಿ ಯ ಸಂಖ್ಯೆಯನ್ನು ಬದಲಿಸುತ್ತಲೇ ಇರಲಿಲ್ಲ ಎಂದು ತೋರಿಸಿತು. ಕಂಪನಿಯ ಗುಟ್ಟಿನ ಕೀಲಿಯನ್ನು ಇದೇ ವಿಧಾನದಿಂದ ಲೆಕ್ಕಹಾಕಬಹುದಾಗಿತ್ತು. 2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆಯ ವ್ಯವಸ್ಥೆಯಲ್ಲಿ ದೋಷ ಕಂಡು, ಕೆಲವರ ಬಿಟ್‌ಕಾಯಿನ್ ಕಳವಾಯಿತು. ಕೀಲಿಯನ್ನು ಎಷ್ಟೇ ಗುಟ್ಟಾಗಿಟ್ಟರೂ ಸಹಿ ಹಾಕುವ ಯಂತ್ರ ಸರಿಯಿಲ್ಲದಿದ್ದರೆ ಕೀಲಿ ಸಹಿಯಿಂದಲೇ ಸೋರಿಹೋಗುತ್ತದೆ. ಈ ಕೆಲಸವನ್ನು ಪರಿಣತ ಯಂತ್ರಕ್ಕೆ ಒಪ್ಪಿಸಲು ಇದೂ ಒಂದು ಕಾರಣ.

ಕೀಲಿ ಎಲ್ಲಿಡಬೇಕು?

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ನ್ಯೂಪೋರ್ಟ್ ಊರಿನ ಜೇಮ್ಸ್ ಹೋವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸಕ್ಕೆ ಹೋಗಿ ಊರಿನ ತಿಪ್ಪೆ ಸೇರಿತು. ಅದನ್ನು ಅಗೆಯಲು ಅನುಮತಿ ಕೊಡಿ ಎಂದು ಅವರು ವರ್ಷಗಟ್ಟಲೆ ನಗರಾಡಳಿತದೊಡನೆ ಹೋರಾಡಿದರು. ಬ್ಲಾಕ್‌ಚೈನಿನಲ್ಲಿ ಆ ನಾಣ್ಯಗಳು ಇಂದಿಗೂ ಎಲ್ಲರಿಗೂ ಕಾಣುತ್ತವೆ, ತೆಗೆಯಲು ಮಾತ್ರ ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಪ್ರಕರಣಕ್ಕೆ ನಮ್ಮ ದೇಶದ ನಂಟಿದೆ. ಕೆನಡಾದ ಕ್ವಾಡ್ರಿಗಾಸಿಎಕ್ಸ್ ಎಂಬ ವಿನಿಮಯ ಸಂಸ್ಥೆಯ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ತೀರಿಕೊಂಡರು. ಸಂಸ್ಥೆಯ ಕೀಲಿಗಳು ಅವರೊಬ್ಬರಿಗೇ ಗೊತ್ತಿದ್ದವು ಎಂದು ಸುದ್ದಿ ಬಂತು. 76 ಸಾವಿರಕ್ಕೂ ಹೆಚ್ಚು ಗ್ರಾಹಕರ ಹಣ ಸಿಕ್ಕಿಬಿತ್ತು. 2020ರಲ್ಲಿ ಒಂಟಾರಿಯೊ ಪ್ರಾಂತ್ಯದ ಷೇರು ನಿಯಂತ್ರಣ ಆಯೋಗ ತನಿಖೆ ಮುಗಿಸಿ, ಬಹುಪಾಲು ಹಣ ಕಾಟನ್ ಅವರ ವಂಚನೆಯಿಂದ ಅದಕ್ಕೂ ಮೊದಲೇ ಕರಗಿತ್ತು ಎಂದು ಹೇಳಿತು. ಕೀಲಿಯ ಮೇಲೆ ಒಬ್ಬನೇ ಮನುಷ್ಯನ ಹಿಡಿತವಿದ್ದರೆ ಎರಡು ಅಪಾಯ: ಅವನು ಇಲ್ಲವಾದರೆ ಎಲ್ಲವೂ ಮುಚ್ಚಿಹೋಗುತ್ತದೆ, ಅವನು ಇರುವಾಗ ಏನು ಮಾಡುತ್ತಿದ್ದಾನೆಂದು ಯಾರಿಗೂ ಕಾಣುವುದಿಲ್ಲ.

ಕೀಲಿಯನ್ನು ಪ್ರೋಗ್ರಾಮಿನೊಳಗೇ ಬರೆದಿಡುವುದು ಇನ್ನೂ ಕೆಟ್ಟ ಅಭ್ಯಾಸ. ಆ ಪ್ರೋಗ್ರಾಮನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರೆ ಕೀಲಿಗಳನ್ನೇ ಹುಡುಕುತ್ತ ತಿರುಗುವ ಬಾಟ್‌ಗಳ ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಬೇಡ. ಆಮೇಲೆ ಅಳಿಸಿದರೂ ಹಳೆಯ ಆವೃತ್ತಿಗಳಲ್ಲಿ ಅದು ಉಳಿದೇ ಇರುತ್ತದೆ.

ಕ್ಲೌಡ್ ಕೀಲಿ ಸೇವೆ

ಕ್ಲೌಡ್ ಕೀಲಿ ಸೇವೆಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕಾಲೇಜು ಆಫೀಸಿನ ಮೊಹರನ್ನು ನೆನೆಯಿರಿ. ಅದು ಬೀರುವಿನಿಂದ ಹೊರಗೆ ಬರುವುದೇ ಇಲ್ಲ ಎಂದುಕೊಳ್ಳಿ. ಬೀರುವಿಗೆ ಒಂದು ಕಿಂಡಿ ಇದೆ. ಹೊರಗಿನಿಂದ ಕಾಗದ ತೂರಿಸಿದರೆ ಒಳಗೆ ಮೊಹರು ಬಿದ್ದು ಕಾಗದ ಹಿಂದಕ್ಕೆ ಬರುತ್ತದೆ. ಕಿಂಡಿಯ ಮುಂದೆ ಅಟೆಂಡರ್ ನಿಂತಿದ್ದಾರೆ. ಅವರ ಕೈಯಲ್ಲಿ ಯಾರ ಕಾಗದಕ್ಕೆ ಮೊಹರು ಹಾಕಬಹುದು ಎಂಬ ಪಟ್ಟಿಯಿದೆ. ಬಂದವರ ಹೆಸರು, ಸಮಯ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಇಲ್ಲಿ ಬೀರು ಎಂದರೆ ಎಚ್‌ಎಸ್‌ಎಂ, ಅಂದರೆ ಕೀಲಿಗಳಿಗೆಂದೇ ಮಾಡಿದ ಭದ್ರತಾ ಯಂತ್ರ. ಕೀಲಿ ಅದರೊಳಗೇ ಹುಟ್ಟುತ್ತದೆ, ಅದರೊಳಗೇ ಕೆಲಸ ಮಾಡುತ್ತದೆ. ಯಂತ್ರವನ್ನು ಒಡೆದು ನೋಡಲು ಹೊರಟರೆ ಕೀಲಿಗಳು ಅಳಿಸಿಹೋಗುವಂತೆ ಮಾಡಿರುತ್ತಾರೆ. ಇವುಗಳನ್ನು ಪರೀಕ್ಷಿಸಲು ಅಮೆರಿಕದ ಫಿಪ್ಸ್ 140 ಎಂಬ ಮಾನದಂಡವಿದೆ. ಅಟೆಂಡರ್ ಕೈಯ ಪಟ್ಟಿಗೆ ಕ್ಲೌಡಿನಲ್ಲಿ ಪಾಲಿಸಿ ಎನ್ನುತ್ತಾರೆ, ಪುಸ್ತಕಕ್ಕೆ ಆಡಿಟ್ ಲಾಗ್ ಎನ್ನುತ್ತಾರೆ.

ಅಮೆಜಾನಿನ ಈ ಸೇವೆಯ ಹೆಸರು ಕೆಎಂಎಸ್. 2014ರಲ್ಲಿ ಶುರುವಾದ ಈ ಸೇವೆಗೆ ಸಹಿ ಹಾಕುವ ಜೋಡಿ ಕೀಲಿಗಳು ಸೇರಿದ್ದು 2019ರ ನವೆಂಬರಿನಲ್ಲಿ. ಬ್ಲಾಕ್‌ಚೈನಿಗೆ ಬೇಕಾದ ಸೆಕ್‌ಪಿ256ಕೆ1 ವಕ್ರರೇಖೆಯೂ ಅದರಲ್ಲಿತ್ತು. ಗೂಗಲ್, ಮೈಕ್ರೋಸಾಫ್ಟ್ ಕ್ಲೌಡ್‌ಗಳಲ್ಲೂ ಇಂಥ ಸೇವೆಗಳಿವೆ. ಮುಂಬೈ, ಹೈದರಾಬಾದ್‌ಗಳಲ್ಲಿ ಅಮೆಜಾನಿನ ಕೇಂದ್ರಗಳಿರುವುದರಿಂದ ಕೀಲಿ ಭಾರತದೊಳಗೇ ಇರುವಂತೆ ನೋಡಿಕೊಳ್ಳಬಹುದು. ಒಂದು ಕೀಲಿಗೆ ತಿಂಗಳಿಗೆ 1 ಡಾಲರ್ ಬಾಡಿಗೆ, ಸಹಿಗಳಿಗೆ ಬೇರೆ ಚಿಲ್ಲರೆ ಶುಲ್ಕ. ಸ್ವಂತ ಎಚ್‌ಎಸ್‌ಎಂ ಕೊಳ್ಳಲಾಗದ ಸಣ್ಣ ಸಂಸ್ಥೆಗಳಿಗೂ ಇದು ಎಟುಕುವ ಬೆಲೆ.

ಒಂದು ಸಹಿಯ ಪ್ರಯಾಣ

ಉದಾಹರಣೆಗೆ ಒಂದು ವಿಶ್ವವಿದ್ಯಾಲಯ ತನ್ನ ಪದವಿ ಪ್ರಮಾಣಪತ್ರಗಳ ಹ್ಯಾಶ್‌ಗಳನ್ನು ಇಥೀರಿಯಂ ಮಾದರಿಯ ಬ್ಲಾಕ್‌ಚೈನಿನಲ್ಲಿ ದಾಖಲಿಸುತ್ತದೆ ಎಂದುಕೊಳ್ಳೋಣ. ಕೀಲಿ ಕ್ಲೌಡಿನಲ್ಲಿದೆ. ಆಗ ನಡೆಯುವ ಹಂತಗಳು ಇವು.

1. ವಿಳಾಸ ಕಂಡುಕೊಳ್ಳುವುದು. ಖಾಸಗಿ ಕೀಲಿಯನ್ನು ಸೇವೆ ಕೊಡುವುದಿಲ್ಲ, ಸಾರ್ವಜನಿಕ ಕೀಲಿಯನ್ನು ಕೇಳಿದರೆ ಕೊಡುತ್ತದೆ. ಅದರ ಕೊನೆಯ 64 ಬೈಟ್‌ಗಳನ್ನು ತೆಗೆದುಕೊಂಡು ಕೆಚಕ್-256 ಎಂಬ ಹ್ಯಾಶ್ ಮಾಡಬೇಕು. ಬಂದ 32 ಬೈಟ್‌ಗಳಲ್ಲಿ ಕೊನೆಯ 20 ಬೈಟ್‌ಗಳೇ ವಿಶ್ವವಿದ್ಯಾಲಯದ ಬ್ಲಾಕ್‌ಚೈನ್ ವಿಳಾಸ.

2. ವ್ಯವಹಾರ ಬರೆಯುವುದು. ಯಾವ ಒಪ್ಪಂದಕ್ಕೆ (ಸ್ಮಾರ್ಟ್ ಕಾಂಟ್ರಾಕ್ಟ್) ಹೋಗಬೇಕು, ಯಾವ ದತ್ತಾಂಶ, ಎಷ್ಟು ಶುಲ್ಕ, ಯಾವ ಸರಪಳಿ ಎಂಬುದನ್ನೆಲ್ಲ ಸೇರಿಸಬೇಕು. ಜೊತೆಗೆ ನಾನ್ಸ್ ಎಂಬ ಕ್ರಮಸಂಖ್ಯೆಯೂ ಬೇಕು. ಈ ವಿಳಾಸದಿಂದ ಇದು ಎಷ್ಟನೆಯ ವ್ಯವಹಾರ ಎಂದು ಅದು ಹೇಳುತ್ತದೆ. ಚೆಕ್ ಪುಸ್ತಕದ ಹಾಳೆ ನಂಬರಿನ ಹಾಗೆ. ಎರಡು ಸರ್ವರ್‌ಗಳು ಒಂದೇ ಹೊತ್ತಿಗೆ ಒಂದೇ ನಂಬರ್ ಬಳಸಿದರೆ ಒಂದು ವ್ಯವಹಾರ ಮಾತ್ರ ದಾಖಲಾಗುತ್ತದೆ. ಹಾಗಾಗಿ ನಂಬರ್ ಹಂಚುವ ಕೆಲಸ ಒಂದೇ ಕಡೆ ಇರಬೇಕು.

3. ಹ್ಯಾಶ್ ಮಾಡುವುದು. ಇಥೀರಿಯಂ ಬಳಸುವ ಕೆಚಕ್-256 ಎಂಬುದು 2015ರಲ್ಲಿ ಅಮೆರಿಕ ಮಾನದಂಡವಾಗಿ ಒಪ್ಪಿದ ಎಸ್‌ಎಚ್‌ಎ-3ರ ಮೂಲ ರೂಪ. ಎರಡಕ್ಕೂ ಸಣ್ಣ ವ್ಯತ್ಯಾಸವಿದೆ, ಉತ್ತರ ಪೂರ್ತಿ ಬೇರೆ ಬರುತ್ತದೆ. ಅಮೆಜಾನಿನ ಸೇವೆ ಕೆಚಕ್ ಮಾಡಿಕೊಡುವುದಿಲ್ಲ. ನಾವೇ ಹ್ಯಾಶ್ ಮಾಡಿ, "ಇದು ಆಗಲೇ ಹ್ಯಾಶ್ ಆಗಿರುವ 32 ಬೈಟ್, ಸಹಿ ಮಾತ್ರ ಹಾಕು" ಎಂದು ಸೇವೆಗೆ ಹೇಳಬೇಕು.

4. ಸಹಿ ಪಡೆಯುವುದು. ಸೇವೆ ಮೊದಲು ಪಾಲಿಸಿ ನೋಡುತ್ತದೆ. ಅನುಮತಿ ಇದ್ದರೆ ಎಚ್‌ಎಸ್‌ಎಂ ಒಳಗೆ ಸಹಿ ತಯಾರಾಗಿ ಹೊರಬರುತ್ತದೆ. ಡಿಇಆರ್ ಎಂಬ ಹಳೆಯ ಮಾದರಿಯ ಪೊಟ್ಟಣದಲ್ಲಿ ಬರುವ ಅದನ್ನು ಬಿಡಿಸಿ, ಆಗಲೇ ನೋಡಿದ ಪ ಮತ್ತು ಬ ಎಂಬ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳಬೇಕು.

5. ಬ ಸಂಖ್ಯೆಯನ್ನು ಸರಿಪಡಿಸುವುದು. ಈ ಗಣಿತದಲ್ಲಿ ಒಂದು ವಿಚಿತ್ರವಿದೆ. ಬ ಸರಿಯಾದ ಸಹಿಯಾದರೆ ಅದರ ಋಣ ರೂಪವೂ ಸರಿಯಾದ ಸಹಿಯೇ. ಒಂದೇ ವ್ಯವಹಾರಕ್ಕೆ ಎರಡು ರೂಪ ಇರಬಾರದೆಂದು ಇಥೀರಿಯಂ 2016ರಿಂದ ಎರಡರಲ್ಲಿ ಚಿಕ್ಕದನ್ನು ಮಾತ್ರ ಒಪ್ಪುತ್ತದೆ. ಈ ನಿಯಮ ಕ್ಲೌಡ್ ಸೇವೆಗೆ ಗೊತ್ತಿಲ್ಲ. ಅದು ಕೊಡುವ ಸಹಿಗಳಲ್ಲಿ ಸುಮಾರು ಅರ್ಧದಷ್ಟು ದೊಡ್ಡ ರೂಪದಲ್ಲಿರುತ್ತವೆ. ಅವನ್ನು ನಾವು ತಿರುಗಿಸಿಕೊಳ್ಳಬೇಕು. ಈ ಹಂತ ಬಿಟ್ಟು ಬರೆದ ಪ್ರೋಗ್ರಾಂ ಒಮ್ಮೆ ಕೆಲಸ ಮಾಡುತ್ತದೆ, ಇನ್ನೊಮ್ಮೆ ಮಾಡುವುದಿಲ್ಲ. ಹೀಗೆ ನಾಣ್ಯ ಚಿಮ್ಮಿದಂತೆ ನಡೆದುಕೊಳ್ಳುವ ದೋಷವನ್ನು ಹುಡುಕುವುದು ಬಲು ಕಷ್ಟ.

6. ಗುರುತಿನ ಬಿಟ್ ಸೇರಿಸುವುದು. ಇಥೀರಿಯಂ ವ್ಯವಹಾರದಲ್ಲಿ ಕಳುಹಿಸಿದವರ ವಿಳಾಸವನ್ನು ಬರೆಯುವುದೇ ಇಲ್ಲ, ಸಹಿಯಿಂದಲೇ ಅದನ್ನು ಕಂಡುಹಿಡಿಯುತ್ತಾರೆ. ಸಹಿಗೆ ಎರಡು ಸಾರ್ವಜನಿಕ ಕೀಲಿಗಳು ಹೊಂದಬಹುದಾದ್ದರಿಂದ ಯಾವುದು ಎಂದು ಹೇಳಲು 0 ಅಥವಾ 1 ಬೇಕು. ಕ್ಲೌಡ್ ಸೇವೆ ಇದನ್ನು ಕೊಡುವುದಿಲ್ಲ. ಎರಡನ್ನೂ ಹಾಕಿ ನೋಡಬೇಕು. ಯಾವುದರಿಂದ ಮೊದಲ ಹಂತದ ವಿಳಾಸ ಬರುತ್ತದೋ ಅದೇ ಸರಿ. ಹಳೆಯ ಮಾದರಿಯ ವ್ಯವಹಾರಗಳಲ್ಲಿ ಇದಕ್ಕೆ ಸರಪಳಿಯ ಸಂಖ್ಯೆಯನ್ನೂ ಬೆರೆಸುತ್ತಾರೆ: ಸಂಖ್ಯೆಯ ಎರಡರಷ್ಟು, ಜೊತೆಗೆ 35, ಜೊತೆಗೆ ಆ ಬಿಟ್. ಇಥೀರಿಯಂ ಮುಖ್ಯ ಸರಪಳಿಯ ಸಂಖ್ಯೆ 1 ಆದ್ದರಿಂದ ಅಲ್ಲಿ 37 ಅಥವಾ 38 ಬರುತ್ತದೆ. ಒಂದು ಸರಪಳಿಗೆಂದು ಹಾಕಿದ ಸಹಿಯನ್ನು ಇನ್ನೊಂದರಲ್ಲಿ ಬಳಸದಂತೆ ಇದು ತಡೆಯುತ್ತದೆ.

ಇಷ್ಟಾದ ಮೇಲೆ ವ್ಯವಹಾರ ಬ್ಲಾಕ್‌ಚೈನಿಗೆ ಹೋಗುತ್ತದೆ. ಈ ಇಡೀ ಪ್ರಯಾಣದಲ್ಲಿ ಖಾಸಗಿ ಕೀಲಿ ಒಮ್ಮೆಯೂ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಬಂದಿಲ್ಲ. ಅಲ್ಲಿನ ಸರ್ವರನ್ನು ಯಾರಾದರೂ ಪೂರ್ತಿ ನಕಲು ಮಾಡಿಕೊಂಡು ಹೋದರೂ ಕೀಲಿ ಸಿಗುವುದಿಲ್ಲ. ಈ ವಿಧಾನದ ದೊಡ್ಡ ಲಾಭ ಇದು.

ಕಿಂಡಿಯ ಮುಂದೆ ನಿಂತವರು ಯಾರು?

ಇಲ್ಲಿಗೆ ಲೇಖನ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮೂರನೆಯ ಹಂತವನ್ನು ಮತ್ತೊಮ್ಮೆ ನೋಡಿ. ಸೇವೆಗೆ ಹೋಗುವುದು 32 ಬೈಟ್‌ಗಳ ಹ್ಯಾಶ್ ಮಾತ್ರ. ಅದರ ಹಿಂದಿರುವುದು ಒಬ್ಬ ವಿದ್ಯಾರ್ಥಿಯ ಪ್ರಮಾಣಪತ್ರವೋ, ಖಜಾನೆಯನ್ನೆಲ್ಲ ಬೇರೆಯವರಿಗೆ ಕಳಿಸುವ ಆದೇಶವೋ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಬೀರುವಿನ ಮೊಹರು ಕುರುಡು. ತೂರಿಸಿದ ಕಾಗದದಲ್ಲಿ ಏನಿದೆ ಎಂದು ಅದು ಓದುವುದಿಲ್ಲ.

ಹಾಗಾಗಿ ಕಳ್ಳನಿಗೆ ಕೀಲಿ ಬೇಕಾಗಿಲ್ಲ. ಕಿಂಡಿಯ ಮುಂದೆ ನಿಲ್ಲುವ ಅನುಮತಿ ಸಿಕ್ಕರೆ ಸಾಕು. ಸರ್ವರಿನೊಳಗೆ ನುಸುಳಿದವನು ಕೀಲಿಯನ್ನು ಕದಿಯಲಾರ, ಆದರೆ ಒಳಗಿರುವಷ್ಟು ಹೊತ್ತು ತನಗೆ ಬೇಕಾದ ಸಹಿಗಳನ್ನು ಹಾಕಿಸಿಕೊಳ್ಳಬಲ್ಲ. ಲಾಗಿನಲ್ಲಿ ಅವೆಲ್ಲ ಸರ್ವರಿನ ಹೆಸರಿನಲ್ಲೇ ದಾಖಲಾಗುತ್ತವೆ.

ಇತ್ತೀಚಿನ ದೊಡ್ಡ ಕಳವುಗಳನ್ನು ಸಾಲಾಗಿ ನೋಡಿದರೆ ಕಳ್ಳರ ದಾರಿ ಹೇಗೆ ಬದಲಾಗಿದೆ ಎಂದು ತಿಳಿಯುತ್ತದೆ. 2022ರ ಮಾರ್ಚ್‌ನಲ್ಲಿ ರೋನಿನ್ ಎಂಬ ಜಾಲದ 9 ಕೀಲಿಗಳಲ್ಲಿ 5 ದಾಳಿಕೋರರ ಹಿಡಿತಕ್ಕೆ ಬಂದವು. ವ್ಯವಹಾರ ಒಪ್ಪಲು 5 ಸಹಿ ಸಾಕಾಗಿತ್ತು. 60 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಹಣ ಹೋಯಿತು. ಹಲವು ದಿನ ಅದು ಯಾರ ಗಮನಕ್ಕೂ ಬರಲಿಲ್ಲ. ಇದರಲ್ಲಿ ಕಳುವಾದದ್ದು ಕೀಲಿಗಳು.

2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್ ವಿನಿಮಯ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಹೋಯಿತು. ಹಲವರು ಸೇರಿ ಸಹಿ ಹಾಕಬೇಕಾದ ಖಾತೆ ಅದು. ಪರದೆಯ ಮೇಲೆ ಕಂಡದ್ದೇ ಒಂದು, ಸಹಿ ಬಿದ್ದದ್ದೇ ಇನ್ನೊಂದಕ್ಕೆ ಎಂದು ಸಂಸ್ಥೆ ಹೇಳಿತು. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ಸಂಸ್ಥೆಯಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ ಕಳವಾಯಿತು. ದಾಳಿಕೋರರು ಸಹಿದಾರರು ಬಳಸುತ್ತಿದ್ದ ಜಾಲಪುಟದ ಪ್ರೋಗ್ರಾಮನ್ನೇ ಬದಲಿಸಿದ್ದರು. ಸಹಿದಾರರು ಎಂದಿನ ವ್ಯವಹಾರ ಎಂದು ನಂಬಿ ಒಪ್ಪಿಗೆ ಕೊಟ್ಟರು. ಕೀಲಿಗಳು ಇದ್ದಲ್ಲೇ ಇದ್ದವು. ಮೋಸಹೋದದ್ದು ಕಣ್ಣು.

ಕೀಲಿಯನ್ನು ಭದ್ರವಾಗಿಡುವ ಸಮಸ್ಯೆಯನ್ನು ಕ್ಲೌಡ್ ಸೇವೆ ಬಹುಮಟ್ಟಿಗೆ ಬಗೆಹರಿಸುತ್ತದೆ. ಏನಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ತಿಳಿಯುವ ಸಮಸ್ಯೆ ನಮ್ಮಲ್ಲೇ ಉಳಿಯುತ್ತದೆ. ಅದಕ್ಕೆ ಬಲ್ಲವರು ಮಾಡುವ ಏರ್ಪಾಡುಗಳು ಕೆಲವು ಇವೆ.

ಮೊದಲನೆಯದು, ಕಿಂಡಿಯ ಮುಂದೆ ಓದಬಲ್ಲ ಕಾವಲುಗಾರನನ್ನು ನಿಲ್ಲಿಸುವುದು. ಸಹಿ ಕೇಳುವ ಸರ್ವರಿಗೆ ನೇರ ಅನುಮತಿ ಕೊಡದೆ, ಮಧ್ಯದಲ್ಲಿ ಚಿಕ್ಕದೊಂದು ಪ್ರೋಗ್ರಾಂ ಇರುತ್ತದೆ. ಅದು ಪೂರ್ತಿ ವ್ಯವಹಾರವನ್ನು ಪಡೆದು, ವಿಳಾಸ ಮತ್ತು ಮೊತ್ತ ಸರಿಯಿದೆಯೇ ಎಂದು ನೋಡಿ, ಹ್ಯಾಶನ್ನು ತಾನೇ ಮಾಡಿ ಸೇವೆಗೆ ಕಳಿಸುತ್ತದೆ. ಬೇರೆ ಯಾರು ಕಳಿಸಿದ ಹ್ಯಾಶನ್ನೂ ಅದು ಒಪ್ಪುವುದಿಲ್ಲ.

ಎರಡನೆಯದು, ಕೀಲಿಗಳನ್ನು ಕೆಲಸಕ್ಕೆ ತಕ್ಕಂತೆ ಬೇರ್ಪಡಿಸುವುದು. ಪ್ರಮಾಣಪತ್ರ ದಾಖಲಿಸುವ ಕೀಲಿಯ ಖಾತೆಯಲ್ಲಿ ಶುಲ್ಕಕ್ಕೆ ಬೇಕಾದಷ್ಟು ಹಣ ಮಾತ್ರ ಇರಬೇಕು. ಕೀಲಿಯನ್ನು ನಿರ್ವಹಿಸುವವರು ಮತ್ತು ಬಳಸುವವರು ಬೇರೆ ಬೇರೆ ಇರಬೇಕು.

ಮೂರನೆಯದು, ಬಾವಿಗೆ ಬಿದ್ದರೆ ಏನು ಗತಿ ಎಂದು ಮೊದಲೇ ಯೋಚಿಸುವುದು. ಸೇವೆಯೊಳಗೇ ಹುಟ್ಟಿದ ಇಂಥ ಕೀಲಿಯನ್ನು ಹೊರಗೆ ಒಯ್ಯಲಾಗುವುದಿಲ್ಲ. ಅದನ್ನು ಅಳಿಸಲು ಆದೇಶ ಕೊಟ್ಟರೆ ಅಮೆಜಾನ್ 7ರಿಂದ 30 ದಿನ ಕಾಯುತ್ತದೆ, ಆ ಅವಧಿಯಲ್ಲಿ ಆದೇಶ ಹಿಂಪಡೆಯಬಹುದು. ಅವಧಿ ಮುಗಿದರೆ ಕೀಲಿ ಶಾಶ್ವತವಾಗಿ ಇಲ್ಲವಾಗುತ್ತದೆ. ಕ್ಲೌಡ್ ಖಾತೆಯೇ ಮುಚ್ಚಿಹೋದರೂ ಅದೇ ಗತಿ. ಹಾಗಾಗಿ ಒಪ್ಪಂದವನ್ನು ಬರೆಯುವಾಗಲೇ, ದಿನಬಳಕೆಯ ಕೀಲಿಯನ್ನು ಬದಲಿಸುವ ಅಧಿಕಾರವನ್ನು ಕ್ಲೌಡಿನ ಹೊರಗೆ, ಹಲವರ ಕೈಯಲ್ಲಿ ಹಂಚಿಟ್ಟ ಬೇರೆ ಕೀಲಿಗಳಿಗೆ ಕೊಟ್ಟಿರಬೇಕು.

ಹಾಗಾದರೆ ಸಹಿ ಯಾರದು?

ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದೆ. ಅದರ 42ನೇ ಕಲಮು ಡಿಜಿಟಲ್ ಸಹಿ ಪ್ರಮಾಣಪತ್ರ ಪಡೆದವರು ತಮ್ಮ ಖಾಸಗಿ ಕೀಲಿಯ ಹಿಡಿತ ಉಳಿಸಿಕೊಳ್ಳಲು ತಕ್ಕ ಎಚ್ಚರ ವಹಿಸಬೇಕೆಂದು ಹೇಳುತ್ತದೆ. ಇದು ಬ್ಲಾಕ್‌ಚೈನಿಗೆಂದು ಬರೆದ ಕಾನೂನಲ್ಲ, ಆದರೆ ಅದರ ಮಾತು ಗಮನಿಸಿ. ಅದು ಕೇಳುವುದು ಹಿಡಿತವನ್ನು. ಆಧಾರ್ ಒಟಿಪಿ ಕೊಟ್ಟು ಇ-ಸೈನ್ ಮಾಡಿದವರು ನಿಮ್ಮ ಮನೆಯಲ್ಲೂ ಇರಬಹುದು. ಅದರಲ್ಲಿ ಕೀಲಿ ದೂರದ ಎಚ್‌ಎಸ್‌ಎಂ ಒಂದರಲ್ಲಿ ಹುಟ್ಟಿ, ಒಂದು ಸಹಿ ಹಾಕಿ, ನಾಶವಾಗುತ್ತದೆ. ಆ ಕೀಲಿಯನ್ನು ಸಹಿ ಮಾಡಿದವರು ಮುಟ್ಟಿಯೇ ಇರುವುದಿಲ್ಲ. ಆದರೂ ಸಹಿ ಅವರದೇ, ಏಕೆಂದರೆ ಒಪ್ಪಿಗೆ ಅವರದು.

ಕೀಲಿ ಇಟ್ಟುಕೊಂಡವರು ಬೇರೆ, ಮನೆಯ ಒಡೆಯರು ಬೇರೆ ಎಂಬುದು ನಮಗೆ ಹೊಸ ವಿಷಯವಲ್ಲ. ಹಿಜರಿ 8ರಲ್ಲಿ ಮಕ್ಕಾ ವಿಜಯದ ದಿನ ಪ್ರವಾದಿಯವರು (ಸ.ಅ.) ಕಾಬಾದ ಕೀಲಿಯನ್ನು ಉಸ್ಮಾನ್ ಬಿನ್ ತಲ್ಹಾ (ರ.ಅ.) ಅವರಿಗೇ ಮರಳಿಸಿದರು. ಇಂದಿಗೂ ಆ ಮನೆತನದ ಬನೂ ಶೈಬಾದವರೇ ಕೀಲಿಯ ಪಾಲಕರು. ಅವರನ್ನು ಯಾರೂ ಕಾಬಾದ ಒಡೆಯರು ಎನ್ನುವುದಿಲ್ಲ. ಅವರ ಕೈಯಲ್ಲಿರುವುದು ಅಮಾನತ್.

ಕ್ಲೌಡ್ ಕಂಪನಿಯೂ ಇಲ್ಲಿ ಪಾಲಕನಷ್ಟೇ. ಕೀಲಿ ಹೊರಬರದಂತೆ ಕಾಯುವುದು, ಪಾಲಿಸಿಯಲ್ಲಿ ಹೇಳಿದವರಿಗೆ ಮಾತ್ರ ಸಹಿ ಕೊಡುವುದು ಅದರ ಹೊಣೆ. ಆ ಪಾಲಿಸಿಯನ್ನು ಬರೆಯುವವರು ನಾವು. ಯಾರಿಗೆ ಅನುಮತಿ, ಯಾವ ಕಾಗದಕ್ಕೆ ಮೊಹರು ಎಂದು ತೀರ್ಮಾನಿಸುವವರೂ ನಾವು. ಆದ್ದರಿಂದ ಸಹಿ ನಮ್ಮದು, ತಪ್ಪಿದರೆ ಹೊಣೆಯೂ ನಮ್ಮದು. ಯಂತ್ರ ಹಾಕಿತು, ಕ್ಲೌಡ್ ಹಾಕಿತು ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ. ಆದರೆ ಆ ಪಾಲಕನನ್ನು ನಾವು ನಂಬಿದ್ದೇವೆ ಎಂಬುದೂ ನಿಜ. ಆ ನಂಬಿಕೆ ಎಷ್ಟು ದೂರದವರೆಗೆ, ಅದು ಕೈಕೊಟ್ಟರೆ ಮುಂದೇನು ಎಂದು ಬರೆದಿಟ್ಟುಕೊಳ್ಳದ ಸಂಸ್ಥೆ ಅಮಾನತನ್ನು ಅರ್ಧ ಮಾತ್ರ ಕಾಪಾಡಿದಂತೆ.

ನೀವು ಮಾಡಿ ನೋಡಬಹುದಾದದ್ದು

ಆಸಕ್ತಿ ಇರುವವರು ಹಣ ಹಾಕದೆ ಇದನ್ನೆಲ್ಲ ಕಲಿಯಬಹುದು. ಇಥೀರಿಯಂನ ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲಿ ನಾಣ್ಯಗಳಿಗೆ ಬೆಲೆಯಿಲ್ಲ. ನೀವು ತರಗತಿಯಲ್ಲಿ ಕಲಿಯುತ್ತಿರುವ ಪೈಥಾನಿನಲ್ಲೇ ಹ್ಯಾಶ್, ಸಹಿ, ವಿಳಾಸಗಳ ಲೆಕ್ಕ ಮಾಡಬಹುದು. ಕ್ಲೌಡ್ ಇಲ್ಲದೆಯೂ ಐದು ಮತ್ತು ಆರನೆಯ ಹಂತಗಳನ್ನು ಬರೆದು ನೋಡಿ. ಮೇಲಿನ ಬೀಜಗಣಿತವನ್ನು 23ರಿಂದ ಭಾಗಿಸಿದ ಶೇಷಗಳಲ್ಲಿ ಮಾಡಿ ನೋಡಿ. ಭಾಗಾಕಾರದ ಬದಲು ಏನು ಮಾಡಬೇಕಾಗುತ್ತದೆ ಎಂದು ನೀವೇ ಕಂಡುಕೊಂಡರೆ ಈ ವಿಷಯದ ಬಾಗಿಲು ತೆರೆದಂತೆ. ಯಾರಾದರೂ ಬರೆದು ತಂದರೆ ಲ್ಯಾಬಿನಲ್ಲಿ ಕುಳಿತು ಒಟ್ಟಿಗೆ ನೋಡೋಣ.

ಬ್ಲಾಕ್‌ಚೈನ್ ಬೇಡ ಎನ್ನುವವರಿಗೂ ಒಂದು ಮಾತು. ನಿಮ್ಮ ಫೋನಿಗೆ ಬರುವ ಒಟಿಪಿಯೂ ಒಂದು ಒಪ್ಪಿಗೆ, ಯುಪಿಐ ಪಿನ್ ಒತ್ತುವುದೂ ಒಂದು ಸಹಿ. ಒತ್ತುವ ಮೊದಲು ಪರದೆಯಲ್ಲಿ ಏನು ಬರೆದಿದೆ, ಹಣ ಬರುತ್ತಿದೆಯೋ ಹೋಗುತ್ತಿದೆಯೋ, ಯಾರಿಗೆ ಎಂದು ಓದಿ. ಕೋಟಿಗಟ್ಟಲೆ ಡಾಲರ್ ಕಳೆದುಕೊಂಡ ಸಂಸ್ಥೆಗಳಲ್ಲಿ ಭದ್ರವಾದ ಕೀಲಿಗಳಿದ್ದವು. ಓದದೆ ಹಾಕಿದ ಸಹಿಯನ್ನು ಹಿಂದಕ್ಕೆ ಪಡೆಯುವ ದಾರಿ ಮಾತ್ರ ಇರಲಿಲ್ಲ.